ಬಂದರಿನ ದಾರಿ ಮುಚ್ಚಿದೆ

ಲಾಡ್ಜಿನ ಸ್ನಾನದ ಮನೆಯಲ್ಲಿ ನೀರು ಬೀಳುವ ಸದ್ದು ಇರುವಷ್ಟು ಹೊತ್ತು ತಂಗಿ ಬಾಗಿಲಿನ ಚೌಕಟ್ಟಿಗೆ ಬೆರಳು ಸಿಕ್ಕಿಸಿ ನೇತಾಡುತ್ತಿದ್ದಳು. ಅಕ್ಕ ನಲ್ಲಿ ನಿಲ್ಲಿಸಿದ ತಕ್ಷಣ ಬೆಕ್ಕಿನ ಹಾಗೆ ಸದ್ದಿಲ್ಲದೆ ಕೆಳಗಿಳಿದು, ಮಂಚದ ಮೇಲೆ ಕೂತು, ಊರಿನ ನಕ್ಷೆ ಬಿಡಿಸಿಕೊಂಡು ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದವಳ ಮುಖ ಮಾಡುತ್ತಿದ್ದಳು. ಅಕ್ಕ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಏನೆ, ಮುಖ ಇಷ್ಟು ಕೆಂಪಾಗಿದೆ?" ಎಂದರೆ "ಸೆಕೆ" ಎನ್ನುತ್ತಿದ್ದಳು. ಕಿಟಕಿಯಿಂದ ತಣ್ಣನೆಯ ಗಾಳಿ ಬೀಸುತ್ತಿದ್ದರೂ ಸೆಕೆ.

ಮನೆಯಲ್ಲಿ ಅವಳಿಗೆ ಹಲ್ಲಿ ಎಂದೇ ಹೆಸರು. ಇಟ್ಟವಳು ಅಕ್ಕ. ನೆಟ್ಟಗೆ ನಡೆಯಲು ಬರುವ ಮೊದಲೇ ಕಿಟಕಿಯ ಸರಳು ಹಿಡಿದು ಮೇಲೇರುತ್ತಿದ್ದ ಮಗುವಿಗೆ ಬೇರೆ ಹೆಸರು ಒಪ್ಪುವಂತಿರಲಿಲ್ಲ. ಅಮ್ಮ ತೀರಿಕೊಂಡಾಗ ಹಲ್ಲಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಕ್ಕನಿಗೆ ಆಗ ತಾನೇ ಓದು ಮುಗಿದಿತ್ತು. ಅಕ್ಕ ಬಸ್ಸು ಓಡಿಸುವುದನ್ನು ಕಲಿತಳು, ನಗರ ಸಾರಿಗೆಗೆ ಸೇರಿದಳು, ಆಸ್ಪತ್ರೆಯಿಂದ ರೈಲ್ವೆ ಸ್ಟೇಷನ್‌ಗೆ ಹೋಗಿ ಬರುವ ಒಂದೇ ರೂಟಿನಲ್ಲಿ ತನ್ನ ಹರೆಯವನ್ನೆಲ್ಲ ಸವೆಸಿದಳು. ಊರಿನ ಜನರನ್ನೆಲ್ಲ ಅವರವರು ಹೋಗಬೇಕಾದಲ್ಲಿಗೆ ಮುಟ್ಟಿಸಿದವಳು ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ಹಲ್ಲಿ ಬೆಳೆದು, ಹಳೆಯ ಗೋದಾಮೊಂದರೊಳಗೆ ಕಟ್ಟಿದ ಗೋಡೆಯ ಮೇಲೆ ಜನರಿಗೆ ಹತ್ತುವುದನ್ನು ಕಲಿಸುವ ಕೆಲಸ ಹಿಡಿದಳು. ರಜೆ ಸಿಕ್ಕಿತೆಂದರೆ ಹಗ್ಗ ಹೆಗಲಿಗೇರಿಸಿಕೊಂಡು ನಿಜವಾದ ಬಂಡೆಗಳ ಕಡೆ ಹೊರಟುಬಿಡುತ್ತಿದ್ದಳು. ಅವಳು ಬಂಡೆಗೆ ಹೋದ ದಿನ ಅಕ್ಕನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಬೇಡ ಎಂದು ಒಮ್ಮೆಯೂ ಹೇಳಿದವಳಲ್ಲ. ಅವಳು ಮರಳಿ ಬರುವ ತನಕ ಪಾತ್ರೆ ತೊಳೆದದ್ದನ್ನೇ ತೊಳೆಯುತ್ತಿದ್ದಳು, ಅಷ್ಟೆ.

ಅಕ್ಕನ ರಜೆ ಬೆಟ್ಟದಷ್ಟು ಸೇರಿತ್ತು. ತೆಗೆದುಕೊಳ್ಳದಿದ್ದರೆ ಮುಳುಗಿಹೋಗುತ್ತದೆ ಎಂದು ಡಿಪೋದವರು ಹೆದರಿಸಿದಾಗ, ಬೆನ್ನಿಗೊಂದು ಚೀಲ ಹಾಕಿಕೊಂಡು ಕೆಲವು ತಿಂಗಳು ಊರೂರು ತಿರುಗಿ ಬರೋಣ ಎಂದವಳು ಹಲ್ಲಿಯೇ. "ಇದು ನಿನ್ನ ಪ್ರಯಾಣ ಅಕ್ಕಾ. ನೀನು ತೋರಿಸಿದ ಕಡೆ ನಾನು ಬರ್ತೀನಿ" ಎಂದು ದೊಡ್ಡದಾಗಿ ಹೇಳಿದಳು. ಅಕ್ಕನಿಗೆ ನೋಡಬೇಕೆಂದಿದ್ದುದು ಒಂದು ದ್ವೀಪ. ಡಿಪೋದ ವಿಶ್ರಾಂತಿ ಕೋಣೆಯ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು: ಕಪ್ಪು ಕಲ್ಲಿನ ನಡುಗಡ್ಡೆ, ಅದರ ಮೇಲೊಂದು ಬಿಳಿಯ ದೀಪಸ್ತಂಭ. ವರ್ಷ ಕಳೆದು ಕ್ಯಾಲೆಂಡರು ಹಳತಾದರೂ ಅಕ್ಕ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ದೀಪಸ್ತಂಭದ ತುದಿಗೆ ಹೋಗಿ ನಿಂತು ಸುತ್ತಲೂ ಬರೀ ನೀರು ನೋಡಬೇಕು, ಒಂದೂ ಸಿಗ್ನಲ್ ಇಲ್ಲದ ಕಡೆ, ಎನ್ನುತ್ತಿದ್ದಳು. ಹೊರಡುವ ಹಿಂದಿನ ದಿನ ಅವಳು ತಂಗಿಯನ್ನು ಕೇಳಿದ್ದು ಒಂದೇ ಮಾತು. "ಈ ಕೆಲವು ತಿಂಗಳು ಬಂಡೆ ಬೇಡ ಕಣೆ. ನಿನ್ನ ಜೊತೆ ಹೆದರಿಕೆ ಇಲ್ಲದೆ ಊಟ ಮಾಡ್ಬೇಕು ನಂಗೆ." ಹಲ್ಲಿ ಮಾತು ಕೊಟ್ಟಳು. ಕೊಡುವಾಗ ಮನಸ್ಸಿನಲ್ಲಿ ಕಳ್ಳತನವೇನೂ ಇರಲಿಲ್ಲ.

ಆದರೆ ಹತ್ತುವವರ ಬೆರಳು ಹಾಡುವವರ ಕಂಠವಿದ್ದಂತೆ, ಬಿಟ್ಟರೆ ಕೆಡುತ್ತದೆ. ದಿನವಿಡೀ ಬಸ್ಸಿನಲ್ಲಿ ಕೂತು, ಬ್ರೆಡ್ಡು ತಿಂದು, ಹೊಸ ಹೊಸ ಮಂಚಗಳಲ್ಲಿ ಮಲಗಿ ಎದ್ದು ಮೂರನೆಯ ವಾರಕ್ಕೆ ಬರುವಷ್ಟರಲ್ಲಿ ಅವಳ ಅಂಗೈಯ ಗಟ್ಟಿ ಚರ್ಮ ಸುಲಿದು ಬೆಣ್ಣೆಯಂತಾಗಿತ್ತು. ಅಷ್ಟರಲ್ಲಿ ಊರಿನಿಂದ ನರ್ಸ್ ಗೆಳತಿಯ ಫೋನ್ ಬಂತು. ಹಲ್ಲಿಯ ಹಗ್ಗದ ಇನ್ನೊಂದು ತುದಿ ಹಿಡಿಯುವವಳು ಅವಳೇ. ಗೋಡೆಯಂತೆ ನೆಟ್ಟಗೆ ನಿಂತ ಒಂದು ದೊಡ್ಡ ಗೋಡೆಬಂಡೆ ಹತ್ತಬೇಕೆಂದು ಇಬ್ಬರೂ ವರ್ಷಗಳಿಂದ ಲೆಕ್ಕ ಹಾಕಿದ್ದರು, ಈ ಪ್ರಯಾಣ ಮುಗಿದ ಕೂಡಲೇ ಎಂದು ನಿಶ್ಚಯವಾಗಿತ್ತು. "ಬೆರಳು ಹೇಗಿವೆ? ಸೋಮಾರಿಯಾಗ್ಬೇಡ್ವೆ. ನಾನಿಲ್ಲಿ ಡ್ಯೂಟಿ ಮುಗಿಸಿ ಬಂದು ಒದ್ದಾಡ್ತಿದೀನಿ" ಎಂದಳು.

ಅಂದಿನಿಂದ ಹಲ್ಲಿ ಬಾಗಿಲ ಚೌಕಟ್ಟುಗಳನ್ನು ನೋಡತೊಡಗಿದಳು. ವ್ಯಾಯಾಮ ಬಂಡೆಯಲ್ಲವಲ್ಲ, ಕೊಟ್ಟ ಮಾತೇನೂ ಮುರಿಯಲಿಲ್ಲವಲ್ಲ ಎಂದು ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಲಾಡ್ಜಿನ ಮೆಟ್ಟಿಲುಗಳ ಅಡಿಭಾಗ ಹಿಡಿದು ಜೋತಾಡಿದಳು. ಚೀಲಕ್ಕೆ ನೀರಿನ ಬಾಟಲಿ ತುಂಬಿ ಬೆನ್ನಿಗೆ ಹಾಕಿಕೊಂಡು, ಉದ್ಯಾನಗಳ ಕಬ್ಬಿಣದ ಸರಳಿಗೆ ತೋಳು ಮಡಚಿ ಮೈ ಎತ್ತಿದಳು. ಒದ್ದೆ ಟವೆಲ್ಲನ್ನು ಹಿಂಡಿದ್ದೇ ಹಿಂಡಿದ್ದು. ಅಕ್ಕನಿಗೆ ಹೇಳಿದ್ದರೆ ಆಗುತ್ತಿತ್ತು, ಅವಳೇನು ಹೊಡೆಯುತ್ತಿದ್ದಳೇ? ಮೊದಲ ದಿನ ಹೇಳಲಿಲ್ಲ. ಎರಡನೆಯ ದಿನ, ಮೊದಲ ದಿನ ಹೇಳದಿದ್ದುದಕ್ಕೂ ಕಾರಣ ಕೊಡಬೇಕಾಯಿತು. ಹಾಗೆಯೇ ಮುಂದುವರಿಯಿತು.

ನಿಜವಾದ ತಪ್ಪು ನಡೆದದ್ದು ಒಂದು ದೊಡ್ಡ ಬಸ್ ನಿಲ್ದಾಣದಲ್ಲಿ. ಅಲ್ಲಿಂದ ಒಂದು ದಾರಿ ಬಂದರಿಗೆ, ಅಂದರೆ ಅಕ್ಕನ ದ್ವೀಪಕ್ಕೆ. ಇನ್ನೊಂದು ದಾರಿ ಬೆಟ್ಟದೂರಿಗೆ. ಆ ಊರಿನ ಬಂಡೆಗಳ ವಿಷಯ ಹತ್ತುವವರ ಬಾಯಲ್ಲೆಲ್ಲ ಕೇಳಿದ್ದಳು ಹಲ್ಲಿ. ಕ್ಲಚ್ಚು ತುಳಿದೂ ತುಳಿದೂ ಅಕ್ಕನ ಎಡ ಮಂಡಿ ಆಗಾಗ ನೋಯುತ್ತಿತ್ತು. ಅವಳು ಚೀಲಗಳನ್ನು ಕಾಯುತ್ತ ಬೆಂಚಿನ ಮೇಲೆ ಕೂತಳು. ಹಲ್ಲಿ ವಿಚಾರಣೆಯ ಕಿಟಕಿಗೆ ಹೋದಳು. ಬಂದರಿನ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಅವಳು ಹಿಂದಿರುಗಿ ಬಂದು ಹೇಳಿದಳು: "ಬಂದರಿನ ದಾರಿ ಮುಚ್ಚಿದೆಯಂತೆ ಅಕ್ಕಾ. ಗುಡ್ಡ ಕುಸಿದಿದೆಯಂತೆ. ಸದ್ಯಕ್ಕೆ ಬಸ್ಸು ಬಿಡಲ್ವಂತೆ."

'ಅಂತೆ' ಎಂಬ ಎರಡಕ್ಷರ ಸುಳ್ಳಿಗೆ ಒಳ್ಳೆಯ ಹೊದಿಕೆ. ಹೇಳಿದವರು ಬೇರೆ ಯಾರೋ, ತಾನು ಬರೀ ಬಾಯಿ.

ಅಕ್ಕ, ಪಾಪ ಆ ರೂಟಿನ ಡ್ರೈವರ್‌ಗಳು, ಎಷ್ಟು ಸುತ್ತು ಹಾಕಬೇಕೋ ಏನೋ ಎಂದು ಮರುಗಿದಳು. ಗಾಳಿಗಾಲ ಶುರುವಾಗುವ ತನಕ ದೋಣಿ ಇರುತ್ತದಲ್ಲ, ದಾರಿ ತೆರೆದ ಮೇಲೆ ಹೋದರಾಯಿತು ಎಂದಳು. ಬೆಟ್ಟದೂರಿನ ಬಸ್ಸು ಹತ್ತುವಾಗ ಹಲ್ಲಿ ಅಕ್ಕನ ಚೀಲವನ್ನೂ ತಾನೇ ಹೊತ್ತಳು. ಅದರಿಂದ ಎದೆಯ ಭಾರವೇನೂ ಇಳಿಯಲಿಲ್ಲ.

ಬೆಟ್ಟದೂರಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಲಾಂಡ್ರಿ ಅಂಗಡಿಯ ಮೇಲಿನ ಮೂರನೆಯ ಮಹಡಿಯ ಕೋಣೆ. ಮೆಟ್ಟಿಲುಗಳು ಏಣಿಯಷ್ಟು ಕಡಿದು. ಹಲ್ಲಿ ಒಂದೇ ಉಸಿರಿಗೆ ಓಡಿ ಹತ್ತುತ್ತಿದ್ದಳು. ಅಕ್ಕ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡು ಕಾಲೂ ಇಟ್ಟು ನಿಂತು, ಮತ್ತೊಂದಕ್ಕೆ ಏರುತ್ತಿದ್ದಳು. ಬೇರೆ ಕೋಣೆ ಹುಡುಕಬೇಕೆಂದು ಹಲ್ಲಿ ದಿನವೂ ಅಂದುಕೊಂಡಳು. ಬೆಳಗಾದರೆ ಬಂಡೆಯ ಮೇಲೆ ಬಿಸಿಲು ಬೀಳುವ ಮೊದಲು ಅಲ್ಲಿರಬೇಕಿತ್ತು.

ಹೌದು, ಬಂಡೆಗೇ ಹೋದಳು. ಚೌಕಟ್ಟಿನಿಂದ ಬಂಡೆಗೆ ದಾರಿ ಬಹಳ ದೂರವಿರಲಿಲ್ಲ. ನಡೆದು ಬರುತ್ತೇನೆಂದು ಅಕ್ಕನಿಗೆ ಹೇಳಿ ಊರಾಚೆ ಹೋದವಳಿಗೆ ಅಲ್ಲಿ ಒಂದು ಸಣ್ಣ ಗುಂಪು ಸಿಕ್ಕಿತು. ಅವರಲ್ಲಿ ಹಿರಿಯ ಒಬ್ಬ ಬಡಗಿ. ಕೆಲಸಕ್ಕೆ ಹೋಗುವ ಮೊದಲು ಒಂದೆರಡು ಗಂಟೆ ಬಂಡೆಗೆ ಬರುವವನು. ಅವಳ ಅಳತೆಯ ಶೂ ಹುಡುಕಿಕೊಟ್ಟ, ಹಗ್ಗ ಹಿಡಿದ. ಊರಿಗೆ ಒಬ್ಬಳೇ ಬಂದಿದ್ದೀಯಾ, ಜೊತೆಗೆ ಯಾರಾದರೂ ಇದ್ದಾರಾ ಎಂದು ಕೇಳಿದ. ಇದ್ದಾರೆ ಎಂದರೆ ಅವರನ್ನೂ ಕರೆದುಕೊಂಡು ಬಾ ಎನ್ನುತ್ತಾನಲ್ಲ.

"ಒಬ್ಳೇ" ಎಂದಳು ಹಲ್ಲಿ.

ಹೇಳಿದ ಮೇಲೆ ಬಾಯಿ ಕಹಿಯಾಯಿತು. ಆದರೂ ಬಂಡೆಗೆ ಕೈ ಇಟ್ಟ ಕ್ಷಣ ಆ ಕಹಿ ಎಲ್ಲಿ ಹೋಯಿತೋ. ಕಲ್ಲಿನ ತಂಪು, ತುದಿಬೆರಳಿನಷ್ಟು ಅಗಲದ ಅಂಚು, ಕಾಲಡಿಯಲ್ಲಿ ಗಾಳಿ. ವಾರಗಟ್ಟಲೆ ಬಾಗಿಲಿಗೆ ನೇತಾಡಿದ್ದು ಸಾರ್ಥಕವಾದಂತೆ ಮೈ ತಾನಾಗಿಯೇ ಮೇಲೇರಿತು. ಆ ಸಂತೋಷಕ್ಕೆ ಅವಳಿಗೆ ಆಮೇಲೆ ಹೆಚ್ಚು ನಾಚಿಕೆಯಾಯಿತು.

ಇತ್ತ ಅಕ್ಕ ಮಹಡಿ ಹತ್ತಿಳಿಯುವ ಕಷ್ಟಕ್ಕೆ ಹಗಲೆಲ್ಲ ಕೆಳಗೇ ಇರುತ್ತಿದ್ದಳು. ಲಾಂಡ್ರಿಯಮ್ಮನಿಗೂ ಅವಳಿಗೂ ಎರಡೇ ದಿನದಲ್ಲಿ ಗಳಸ್ಯ ಕಂಠಸ್ಯ. ಇಬ್ಬರೂ ಎದುರುಬದುರು ನಿಂತು ಆಸ್ಪತ್ರೆಯ, ಹೋಟೆಲಿನ ಹಾಸುಬಟ್ಟೆಗಳನ್ನು ಮಡಚುತ್ತಿದ್ದರು. ಒಂದು ದಿನ ಟೀ ಕುಡಿಯುವಾಗ ಲಾಂಡ್ರಿಯಮ್ಮ, ಆ ಬಂಡೆಯ ಮೇಲೆ ಜನ ಇರುವೆಗಳ ಹಾಗೆ ಹರಿದಾಡುತ್ತಾರೆ, ಹೆತ್ತವರು ಯಾರೂ ಇಲ್ಲವೇನೋ ಅವರಿಗೆ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಹಲ್ಲಿ ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಅಕ್ಕ ಟೀ ಲೋಟದಿಂದ ಕಣ್ಣೆತ್ತಲಿಲ್ಲ. ಅಂದು ಸಂಜೆ ಕೋಣೆಯಲ್ಲಿ ಅವಳು ತಂಗಿಯ ಅಂಗೈಗಳನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಸುಲಿದ ಕಡೆಯಲ್ಲೆಲ್ಲ ಮುಲಾಮು ಹಚ್ಚಿದಳು. ಇದೇನು, ಹೇಗಾಯಿತು ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹಲ್ಲಿ ಎಲ್ಲವನ್ನೂ ಕಕ್ಕಿಬಿಡುತ್ತಿದ್ದಳೋ ಏನೋ. ದಾರಿ ತೆರೆಯಿತಂತಾ ಎಂದಷ್ಟೇ ಅಕ್ಕ ಕೇಳಿದಳು. ಇನ್ನೂ ಇಲ್ಲವಂತೆ ಎಂದಳು ಹಲ್ಲಿ. ಬಿಸಿ ತುಪ್ಪವನ್ನು ಬಾಯಿಗೆ ಹಾಕಿಕೊಂಡವಳ ಸ್ಥಿತಿ ಅವಳದು.

ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತ ದಿನ ದೂಡಿದಳು. ಬಂಡೆಯ ಮೇಲೆ ಒಂದು ಜಾಗ ಅವಳನ್ನು ಮತ್ತೆ ಮತ್ತೆ ಬೀಳಿಸುತ್ತಿತ್ತು, ಅದೊಂದು ಆಗಿಬಿಟ್ಟರೆ ಬಂದರಿಗೆ ಹೊರಡುವುದೆಂದು ತನ್ನೊಳಗೇ ಒಪ್ಪಂದ ಮಾಡಿಕೊಂಡಿದ್ದಳು. ಆಯಿತು, ಒಂದು ಬೆಳಿಗ್ಗೆ ಅದೂ ಆಯಿತು. ಎಡಗೈಯ ಎರಡೇ ಬೆರಳಿನ ಮೇಲೆ ಮೈಭಾರ ತಡೆದು ಮೇಲಿನ ಅಂಚಿಗೆ ಹಾರಿದಳು, ಹಿಡಿದಳು, ನಿಂತಳು. ಕೆಳಗಿನಿಂದ ಬಡಗಿ ಶಿಳ್ಳೆ ಹಾಕಿದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವಳು ಎಂದೂ ಹತ್ತಿರಲಿಲ್ಲ. ಗುಂಪಿನವರೊಡನೆ ತಿಂದು, ಹರಟಿ, ಇನ್ನೂ ಒಂದೆರಡು ಕಡೆ ಹತ್ತಿ, ದಾರಿಯಲ್ಲಿ ಅಕ್ಕನಿಗೆಂದು ಕಿತ್ತಳೆ ಕೊಂಡು ಮರಳುವಾಗ ಬಿಸಿಲು ಇಳಿದಿತ್ತು.

ಲಾಂಡ್ರಿಯಮ್ಮ ಇಸ್ತ್ರಿ ಮೇಜಿನ ಹಿಂದೆ ಒಬ್ಬಳೇ ಇದ್ದಳು. ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ, ನಿಮ್ಮಕ್ಕ ಮಧ್ಯಾಹ್ನದ ಬಸ್ಸಿಗೆ ಬಂದರಿಗೆ ಹೋದರು ಎಂದಳು. ನಡೆದದ್ದಿಷ್ಟು. ಬೆಳಿಗ್ಗೆ ಒಬ್ಬ ಬಸ್ ಡ್ರೈವರ್ ತನ್ನ ಸಮವಸ್ತ್ರ ತೆಗೆದುಕೊಂಡು ಹೋಗಲು ಬಂದಿದ್ದ. ಒಂದೇ ಕಸುಬಿನವರು, ಮಾತು ಬೆಳೆಯಿತು. ಬಂದರಿನ ದಾರಿ ಯಾವಾಗ ತೆರೆಯಬಹುದು ಎಂದು ಅಕ್ಕ ಕೇಳಿದಳು. ಅವನು ನಕ್ಕ. ಮುಚ್ಚಿದ್ದು ಯಾವಾಗ, ನಾನು ವರ್ಷವಿಡೀ ಅದೇ ರೂಟಿನಲ್ಲಿದ್ದೇನೆ, ಒಂದು ಕಲ್ಲೂ ಉರುಳಿಲ್ಲ ಎಂದ. ದೋಣಿ ಮಾತ್ರ ಇನ್ನೇನು ನಿಲ್ಲುತ್ತದೆ, ನಾಳೆಯದೇ ಕೊನೆಯದು ಎಂದೂ ಹೇಳಿದ. ಅಕ್ಕ ಅವನನ್ನು ಎರಡು ಸಲ ಕೇಳಿದಳಂತೆ. ಆಮೇಲೆ ಉಳಿದ ಹಾಸುಬಟ್ಟೆಗಳನ್ನೆಲ್ಲ ಮಡಚಿಟ್ಟು, ಮೇಲೆ ಹೋಗಿ, ಚೀಲ ಹೊತ್ತುಕೊಂಡು ಇಳಿದು ಬಂದಳಂತೆ.

"ತಂಗಿ ಬರೋ ತನಕ ಇರಿ ಅಂದೆ" ಎಂದಳು ಲಾಂಡ್ರಿಯಮ್ಮ. "ಅವಳಿಗೆ ಕೆಲಸ ಇದೆ ಅಂದ್ರು."

ಹಲ್ಲಿ ಮೆಟ್ಟಿಲೇರಿದಳು. ಅಕ್ಕನ ಮಂಚದ ಹಾಸಿಗೆ ನೀಟಾಗಿ ಮಡಚಿಟ್ಟಿತ್ತು. ಹಗ್ಗದ ಮೇಲೆ ಒಣಗಿದ್ದ ಹಲ್ಲಿಯ ಬಟ್ಟೆಗಳನ್ನೂ ಮಡಚಿಟ್ಟು ಹೋಗಿದ್ದಳು. ಅಕ್ಕನಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ಮುಂದಿನ ಬಸ್ಸು ಮರುದಿನ ಬೆಳಿಗ್ಗೆ. ಆ ಬಸ್ಸು ಬಂದರು ಮುಟ್ಟುವ ಹೊತ್ತಿಗೆ ದೋಣಿ ದಿಗಂತದಲ್ಲೂ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ನೋಡಿದ್ದಳು. ನುಣ್ಣನೆಯ ರಸ್ತೆ, ಎರಡೂ ಕಡೆ ಗಟ್ಟಿಯಾಗಿ ನಿಂತ ಗುಡ್ಡ.

ದೋಣಿ ಎರಡು ದಿನ ಬಿಟ್ಟು ಹಿಂದಿರುಗುತ್ತದೆ, ಆಮೇಲೆ ಮುಂದಿನ ಕಾಲಕ್ಕೇ ಎಂದರು ಟಿಕೆಟ್ ಕೊಡುವವರು. ಹಲ್ಲಿ ದೋಣಿ ಬಂದು ನಿಲ್ಲುವ ಧಕ್ಕೆಯ ಹತ್ತಿರವೇ ಒಂದು ಕೋಣೆ ಹಿಡಿದು ಕಾದಳು. ಅಕ್ಕ ಒಬ್ಬಳೇ ಎಲ್ಲಿಗೂ ಹೋಗಿ ಅಭ್ಯಾಸವಿಲ್ಲದವಳು, ನೋಯುವ ಮಂಡಿ, ಗಾಳಿ ಬೇರೆ ಏರುತ್ತಿದೆ. ತಾನು ಬಂಡೆಗೆ ಹೋದ ದಿನಗಳಲ್ಲಿ ಅಕ್ಕನಿಗೆ ತುತ್ತು ಇಳಿಯದಿದ್ದುದು ಹೇಗೆಂಬುದು ಅವಳಿಗೆ ಈಗ ಗೊತ್ತಾಯಿತು. ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಹಾಗೆಯೇ ಬಿಟ್ಟೆದ್ದಳು. ಎರಡನೆಯ ದಿನ ಮಧ್ಯಾಹ್ನ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದವಳು ಒಮ್ಮೆ ನೋಡಿಕೊಂಡರೆ, ಬಾಗಿಲ ಚೌಕಟ್ಟಿಗೆ ನೇತಾಡುತ್ತಿದ್ದಾಳೆ. ಯಾವಾಗ ಕೈ ಮೇಲೆ ಹೋಯಿತೋ ತಿಳಿಯದು. ಬೆರಳುಗಳಿಗೆ ಏನೂ ಅನ್ನಿಸಿರಲಿಲ್ಲ. ಅವು ತಮ್ಮ ಕೆಲಸ ಮಾಡುತ್ತಿದ್ದವು. ಇಳಿದು, ನೆಲದ ಮೇಲೆ ಕೂತು, ತುಂಬಾ ಹೊತ್ತು ಅವುಗಳನ್ನೇ ನೋಡಿದಳು.

ದೋಣಿ ಬಂತು. ಅಕ್ಕ ಒಬ್ಬ ನಾವಿಕನ ತೋಳು ಹಿಡಿದು ಹಲಗೆಯ ಮೇಲೆ ನಿಧಾನವಾಗಿ ಇಳಿದಳು. ಮುಖ ಬಿಸಿಲಿಗೆ ಕಂದಿತ್ತು. ಎಡಗಾಲನ್ನು ಎಳೆದು ಹಾಕುತ್ತಿದ್ದಳು. ತಂಗಿಯನ್ನು ಕಂಡು ಆಶ್ಚರ್ಯಪಡಲಿಲ್ಲ, ಚೀಲ ಕೊಟ್ಟಳು. ಇಬ್ಬರೂ ಧಕ್ಕೆಯ ಕಲ್ಲುಬೆಂಚಿನ ಮೇಲೆ ಕೂತರು.

"ಹತ್ತಿದ್ಯಾ ಅಕ್ಕಾ?" ಎಂದಳು ಹಲ್ಲಿ.

"ಮೂರು ಸುತ್ತು ಹತ್ತಿದೆ. ಆಮೇಲೆ ಮಂಡಿ ಆಗಲ್ಲ ಅಂತು. ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡೆ. ಮೇಲಿಂದ ಇಳಿದು ಬಂದೋರನ್ನ ಏನೇನು ಕಾಣುತ್ತೆ ಅಂತ ಕೇಳ್ದೆ. ಚೆನ್ನಾಗಿ ಹೇಳಿದ್ರು ಪಾಪ."

ಅಕ್ಕ ಇದನ್ನು ಚುಚ್ಚಲೆಂದು ಹೇಳಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದಳು. ಆ ನಿಲ್ದಾಣದಿಂದ ನೇರವಾಗಿ ಬಂದಿದ್ದರೆ ಆ ಮಂಡಿ ಹತ್ತಿಬಿಡುತ್ತಿತ್ತು. ಲಾಂಡ್ರಿಯ ಮೆಟ್ಟಿಲುಗಳು ಅದನ್ನು ತಿಂದಿದ್ದವು. ಹಲ್ಲಿ ಅಳತೊಡಗಿದಳು. ಬಂಡೆಯ ವಿಷಯ, ಬಾಗಿಲುಗಳ ವಿಷಯ, ಬಡಗಿಗೆ ಒಬ್ಬಳೇ ಎಂದದ್ದು, ಎಲ್ಲವನ್ನೂ ಹೇಳಿದಳು. ಗೋಡೆಬಂಡೆಗೆ ಇನ್ನು ಹೋಗುವುದಿಲ್ಲ, ಗೆಳತಿಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ ಎಂದಳು.

"ಬಾಗಿಲಿಗೆ ನೇತಾಡ್ತಿದ್ದದ್ದು ನಂಗೆ ಮೊದಲಿಂದ್ಲೂ ಗೊತ್ತು" ಎಂದಳು ಅಕ್ಕ. "ಪ್ರತಿ ರೂಮಲ್ಲೂ ಚೌಕಟ್ಟಿನ ಧೂಳಲ್ಲಿ ನಿನ್ನ ಬೆರಳಿನ ಗುರುತು. ನಾನೇ ನೀರು ಒಂದಿಷ್ಟು ಜಾಸ್ತಿ ಹೊತ್ತು ಬಿಡ್ತಿದ್ದೆ. ಬಂಡೆಗೆ ಹೋಗ್ತಿದ್ದದ್ದೂ ಕೈ ನೋಡಿದ್ಮೇಲೆ ಗೊತ್ತಾಯ್ತು. ಹೆದರಿಕೆ ಆಯ್ತು, ಇರ್ಲಿ ಅಂದ್ಕೊಂಡೆ. ಇವಳಿಗೆ ಅದೇ ಉಸಿರು, ನಾನು ಮಾತು ತಗೊಂಡಿದ್ದೇ ತಪ್ಪು ಅಂತ." ಅವಳು ಮಂಡಿಯನ್ನು ನೀವಿಕೊಂಡಳು. "ಆದ್ರೆ ದಾರಿ ಮುಚ್ಚಿದೆ ಅಂದ್ಯಲ್ಲೆ. ಇಷ್ಟು ವರ್ಷ ಬಸ್ಸು ಓಡಿಸಿದೋಳಿಗೆ ಬಸ್ಸಿಲ್ಲ ಅಂತ ಹೇಳಿದ್ಯಲ್ಲ. ಬೇರೆ ಯಾರು ಹೇಳಿದ್ರೂ ಹೋಗಿ ವಿಚಾರಿಸ್ತಿದ್ದೆ. ನೀನು ಹೇಳ್ದೆ ಅಂತ ನಂಬಿ ಕೂತೆ."

ಹಲ್ಲಿ ಫೋನ್ ಹೊರತೆಗೆದು ಗೆಳತಿಯ ನಂಬರು ಹುಡುಕತೊಡಗಿದಳು.

"ಗೋಡೆಬಂಡೆಗೆ ಹೋಗ್ಬೇಡ ಅಂತ ನಾನು ಹೇಳಲ್ಲ" ಎಂದಳು ಅಕ್ಕ ಮತ್ತೆ. "ನೀನು ಅದನ್ನ ಬಿಟ್ರೆ ನನ್ನ ಮಂಡಿ ವಾಸಿಯಾಗುತ್ತಾ? ನಿನಗೆ ಸಮಾಧಾನ ಆಗ್ಲಿ ಅಂತ ನನ್ನ ತಲೆ ಮೇಲೆ ಇನ್ನೊಂದು ಹೊರಿಸ್ಬೇಡ. ಹಸಿವಾಗ್ತಿದೆ, ಏಳು."

ಅಂದು ಸಂಜೆ ಅಕ್ಕನ ಊದಿದ ಮಂಡಿಗೆ ತಣ್ಣೀರಿನ ಬಟ್ಟೆ ಸುತ್ತುವಾಗ ಹಲ್ಲಿಗೆ ಇನ್ನೊಂದು ವಿಷಯ ಹೊಳೆಯಿತು, ಮತ್ತು ಅದು ಸುಳ್ಳಿಗಿಂತಲೂ ಹೆಚ್ಚು ಸುಟ್ಟಿತು. ಜನರ ಕೈಕಾಲುಗಳಿಗೆ ಶಕ್ತಿ ಬರಿಸುವುದೇ ಅವಳ ಕಸುಬು. ಗೋದಾಮಿಗೆ ಬರುವ ಮುದುಕರಿಗೂ ಮಂಡಿಯ ವ್ಯಾಯಾಮ ಹೇಳಿಕೊಟ್ಟಿದ್ದಾಳೆ. ಈ ಪ್ರಯಾಣದಲ್ಲಿ ತನ್ನ ಹತ್ತು ಬೆರಳುಗಳಿಗೆ ದಿನವೂ ದುಡಿದಳು. ಪಕ್ಕದ ಮಂಚದಲ್ಲೇ ಮಲಗುತ್ತಿದ್ದ ಮಂಡಿಯ ನೆನಪು ಒಂದು ದಿನವೂ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಶುರು ಮಾಡಿದಳು. ಟವೆಲ್ಲನ್ನು ಸುರುಳಿ ಸುತ್ತಿ ಅಕ್ಕನ ಮಂಡಿಯ ಕೆಳಗಿಟ್ಟು, ಕೆಳಕ್ಕೆ ಒತ್ತು, ಬಿಡು, ಮತ್ತೆ ಒತ್ತು. ಅಕ್ಕ ಮೊದಲು ನಕ್ಕಳು, ಬಸ್ಸಿನ ಕ್ಲಚ್ಚು ತುಳಿದ ಹಾಗಿದೆ ಎಂದಳು. ಆಮೇಲೆ ಹಲ್ಲಿ ಹೇಳಿದಂತೆಯೇ ಮಾಡಿದಳು. ಉಳಿದ ವಾರಗಳಲ್ಲಿ ಎಲ್ಲಿಗೆ ಹೋಗುವುದೆಂದು ಅಕ್ಕನೇ ವಿಚಾರಣೆಯ ಕಿಟಕಿಗೆ ಹೋಗಿ ಕೇಳಿ ಬರುತ್ತಿದ್ದಳು. ಹಲ್ಲಿ ಬೆಂಚಿನಲ್ಲಿ ಚೀಲ ಕಾಯುತ್ತಿದ್ದಳು. ಹೋದ ಊರುಗಳೆಲ್ಲ ನದಿಯ ಬಯಲುಗಳು, ಮೊಣಕಾಲೆತ್ತರದ ಕಲ್ಲೂ ಇಲ್ಲದವು. ಹಲ್ಲಿ ಈಗ ಅಕ್ಕನ ಎದುರಿಗೇ ಬಾಗಿಲಿಗೆ ನೇತಾಡುತ್ತಿದ್ದಳು. ಅಕ್ಕ ಟೀ ಕುಡಿಯುತ್ತ ನೋಡುತ್ತಿದ್ದಳು. ಮೊದಲಿನಷ್ಟು ಹೊತ್ತು ನೇತಾಡಲು ಯಾಕೋ ಆಗುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಡಾಕ್ಟರು ಮಂಡಿಯ ಚಿತ್ರ ತೆಗೆಸಿ ನೋಡಿದರು. ಇದು ವರ್ಷಗಳ ಸವೆತ, ಇಂಥ ಮೆಟ್ಟಿಲು ಇಂಥ ದಿನ ಎಂದು ಹೇಳಲು ಬರುವುದಿಲ್ಲ ಎಂದರು. ಹಾಗಲ್ಲ, ಮೆಟ್ಟಿಲುಗಳೇ ಕಾರಣ ಎಂದಿದ್ದರೆ ಹಲ್ಲಿಗೆ ಒಂದು ರೀತಿಯಲ್ಲಿ ಸುಲಭವಾಗುತ್ತಿತ್ತು. ದೊಡ್ಡ ಬಸ್ಸಿನ ಕ್ಲಚ್ಚು ಇನ್ನು ಬೇಡ ಎಂದೂ ಹೇಳಿದರು. ಡಿಪೋದವರು ಅಕ್ಕನನ್ನು ಹೊಸ ಡ್ರೈವರ್‌ಗಳಿಗೆ ಕಲಿಸುವ ಕೆಲಸಕ್ಕೆ ಹಾಕಿದರು. ಪಕ್ಕದ ಸೀಟಿನಲ್ಲಿ ಕೂತು ಬೈಯುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ನಕ್ಕಳು.

ಹಲ್ಲಿ ಗೋಡೆಬಂಡೆಗೆ ಹೋದಳು. ನರ್ಸ್ ಗೆಳತಿಯೂ ಅವಳೂ ಎರಡು ದಿನ ಹತ್ತಿ ತುದಿ ಮುಟ್ಟಿದರು. ಇಷ್ಟು ತಿಂಗಳು ಊರೂರು ಸುತ್ತಿ ಬಂದವಳ ಬೆರಳಾ ಇವು ಎಂದು ಗೆಳತಿ ಬೆರಗಾದಳು. ಚೆನ್ನಾಗಿವೆ, ಮೊದಲಿಗಿಂತ ಚೆನ್ನಾಗಿವೆ ಎಂದಳು ಹಲ್ಲಿ. ಯಾರದೋ ವಸ್ತುವಿನ ಬಗ್ಗೆ ಹೇಳಿದಂತಿತ್ತು ಅವಳ ದನಿ.

ಮನೆಗೆ ಬಂದಾಗ ಅಕ್ಕ ಮೊದಲಿನಿಂದ ಕೊನೆಯವರೆಗೂ ಕೇಳಿಸಿಕೊಂಡಳು. ಎಲ್ಲಿ ಮಲಗಿದಿರಿ, ಏನು ತಿಂದಿರಿ, ಮೇಲೆ ನಿಂತರೆ ಏನೇನು ಕಾಣುತ್ತದೆ ಎಂದು ಬಿಡಿಸಿ ಬಿಡಿಸಿ ಕೇಳಿದಳು. ಹಲ್ಲಿ ಹೇಳಿದಳು. ಹೇಳಿ ಮುಗಿಸಿ, ಗಾಳಿಗಾಲ ಮುಗಿದ ಕೂಡಲೇ ದ್ವೀಪಕ್ಕೆ ದೋಣಿ ಮತ್ತೆ ಶುರುವಾಗುತ್ತದೆ, ನಾನು ಬಂದರಿಗೆ ಫೋನ್ ಮಾಡಿ ಕೇಳಿದ್ದೇನೆ ಎಂದಳು.

"ನೋಡೋಣ" ಎಂದಳು ಅಕ್ಕ.

ಆ ಮಾತಿನಲ್ಲಿ ಮುನಿಸಿತ್ತೋ, ಮಂಡಿಯ ಭಯವಿತ್ತೋ, ಬರೀ ಮಾತಾಗಿತ್ತೋ ಹಲ್ಲಿಗೆ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿದೆ ಎಂದೂ ಅನ್ನಿಸಲಿಲ್ಲ. ಅಕ್ಕ ಚಾಪೆ ಹಾಸಿಕೊಂಡು ಕಾಲು ಚಾಚಿ ಕೂತಳು. ಹಲ್ಲಿ ಎದುರಿಗೆ ಕೂತು, ಟವೆಲ್ಲಿನ ಸುರುಳಿಯನ್ನು ಅವಳ ಮಂಡಿಯ ಕೆಳಗಿಟ್ಟು, ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೂಂ, ಒತ್ತು" ಎಂದಳು.